ನೆರೆಯು ಇಳಿದ ಮೇಲಣ ವರುಷ



ಲೂಕನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಮೊದಲಿನ ಒಂಬತ್ತು ವಚನಗಳನ್ನು ಮನೆಯಲ್ಲಿ ಓದಿಕೊಂಡು, ಆಮೇಲೆ ಈ ಬರಹವನ್ನು ಓದಬೇಕೆಂದು ನಿಮ್ಮನ್ನು ಬೇಡಿಕೊಳ್ಳುತ್ತೇವೆ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಅಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ಸಂಗತಿ ಇದೆ. ಅದರ ಬೆನ್ನಿಗೇ ಹಣ್ಣು ಕೊಡದ ಅಂಜೂರದ ಮರವೊಂದರ ಸಾಮ್ಯವಿದೆ. ಬಹುಕಾಲದ ತನಕ ನಾವು ಇವೆರಡನ್ನು ಬೇರೆ ಬೇರೆ ಭಾನುವಾರಗಳಲ್ಲಿ ಓದಿ ಬೇರೆ ಬೇರೆ ಪ್ರಸಂಗಗಳನ್ನು ಮಾಡುತ್ತಿದ್ದೆವು. ಇವು ಒಂದೇ ಬಾಯಿಂದ ಒಂದೇ ಉಸಿರಿನಲ್ಲಿ ಬಂದ ಮಾತುಗಳೆಂಬದನ್ನು ನಮಗೆ ಕಲಿಸಿದ್ದು 2009ನೆಯ ಇಸವಿಯ ನೆರೆ. ಅದಕ್ಕಿಂತ ಹೆಚ್ಚಾಗಿ, ಆ ನೆರೆಯು ಇಳಿದ ಮೇಲಣ ಒಂದು ವರುಷ.

ಆ ವರುಷದ ಮಳೆಗಾಲವನ್ನು ರೋಣ, ನರಗುಂದ, ಗಜೇಂದ್ರಗಡದ ಸೀಮೆಯವರು ಮರೆತಿರಲಾರರು. ದೇಶವನ್ನೆಲ್ಲಾ ಕೂಡಿಸಿ ನೋಡಿದರೆ ಮುಂಗಾರು ಮಳೆಯು ವಾಡಿಕೆಗಿಂತ ನೂರಕ್ಕೆ 22 ಪಾಲು ಕಡಿಮೆಯಾಗಿತ್ತು. 1972ರ ತರುವಾಯ ಅಂಥ ಕೊರತೆ ಬಂದಿರಲಿಲ್ಲ. ನಮ್ಮ ನೆರೆಯವರು ತಮ್ಮ ಪದ್ಧತಿಯಂತೆ ಗುರ್ಜಿಯನ್ನು ಹೊತ್ತು ಓಣಿ ಓಣಿ ತಿರುಗಿದರು. ನಾವು ದೇವಾಲಯದಲ್ಲಿ ಮೊಣಕಾಲೂರಿ ಮಳೆಗಾಗಿ ಬೇಡಿಕೊಂಡೆವು. ಎರೆಹೊಲದವನು ಹಿಂಗಾರಿಯನ್ನು ನಂಬಿ ಬದುಕುವವನು. ಸೆಪ್ಟೆಂಬರ್ ತಿಂಗಳು ಕಳೆಯುತ್ತಾ ಬಂದರೆ ಅವನ ಕಣ್ಣು ಮುಗಿಲನ್ನು ಬಿಟ್ಟು ಬೇರೊಂದನ್ನು ನೋಡದು. ಹೀಗಿರಲಾಗಿ ಆ ತಿಂಗಳ ಕಡೆಯಲ್ಲಿ, ವಿಜಯದಶಮಿಯ ಬನ್ನಿಯನ್ನು ಜನರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದ ದಿನಗಳಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ ಮೋಡಗಳು ಬಂದವು.

ಚಂಡಮಾರುತ ಎಂಬ ಮಾತನ್ನು ಕೇಳಿದಾಗ ನಮ್ಮ ಒಳನಾಡಿನವರು ಅದು ಕಡಲ ದಂಡೆಯವರ ಪಾಡು ಎಂದು ನೆನಸುತ್ತಾರೆ. 1977ನೆಯ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಬಂದ ಚಂಡಮಾರುತದಲ್ಲಿ ಸಮುದ್ರವೇ ಎದ್ದು ಊರುಗಳ ಮೇಲೆ ಹರಿಯಿತು. ಸುಮಾರು ಹತ್ತು ಸಾವಿರ ಜನರು ಸತ್ತರು. ಅದು ಗಾಳಿಯಿಂದಲೂ ಅಲೆಯಿಂದಲೂ ಬಂದ ಮರಣ. ನಮ್ಮ ಕಡೆಗೆ ಬಂದದ್ದು ಅಂಥದಲ್ಲ. ಕಡಲ ಮೇಲೆ ವಾಯುಭಾರ ಕುಸಿದು, ಸುತ್ತಲಿನ ತೇವದ ಗಾಳಿಯು ಆ ತಗ್ಗಿಗೆ ನುಗ್ಗಿ ಮೇಲಕ್ಕೇರಿ ಮೋಡವಾಗಿ, ಆ ಮೋಡದ ಹೊರೆಯು ಮೆಲ್ಲಮೆಲ್ಲನೆ ಪಡುವಣಕ್ಕೆ ಸರಿಯಿತು. ಚಂಡಮಾರುತಗಳಿಗೆ ಇಡುವಂತೆ ಅದಕ್ಕೆ ಯಾರೂ ಒಂದು ಹೆಸರನ್ನು ಸಹ ಇಡಲಿಲ್ಲ. ಅದರಲ್ಲಿ ಗಾಳಿ ಕಡಿಮೆ, ನೀರು ಬಹಳ. ಮರಗಳನ್ನು ಕೀಳುವ ಗಾಳಿ ಬಂದಿದ್ದರೆ ನಾವು ಮೊದಲನೆಯ ದಿನವೇ ಹೆದರಿ ಹೊರಗೆ ಓಡುತ್ತಿದ್ದೆವೋ ಏನೋ. ಸಣ್ಣಗೆ ಹನಿಯುವ ಮಳೆಗೆ ಯಾರು ಹೆದರಿಯಾರು? ನಾವಂತೂ ಮೊದಲನೆಯ ಸಂಜೆ ಬಾಗಲಲ್ಲಿ ನಿಂತು ಸ್ತೋತ್ರ ಮಾಡಿದೆವು.

ಅಪೊಸ್ತಲನಾದ ಪೌಲನ ಸಮುದ್ರ ಪ್ರಯಾಣದ ವೃತ್ತಾಂತವನ್ನು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಹಡಗು ಹೊರಡುವ ಮೊದಲು ಕೇಡು ಬರುವದೆಂದು ಪೌಲನು ಎಚ್ಚರಿಸಿದನು; ಕೇಳಿದವರಿಲ್ಲ. ಅಷ್ಟರಲ್ಲಿ ತೆಂಕಣ ಗಾಳಿಯು ಹಿತವಾಗಿ ಬೀಸಲು, ನಾವಿಕರು ತಮ್ಮ ಕೆಲಸ ಕೈಗೂಡಿತೆಂದು ಲಂಗರನ್ನು ಎತ್ತಿಬಿಟ್ಟರು. ಬಿರುಗಾಳಿಯು ಬಂದದ್ದು ಆಮೇಲೆ. ನಮಗೂ ಹಾಗೆಯೇ ಆಯಿತು. ಎರಡನೆಯ ದಿನವೂ ಮಳೆ ನಿಲ್ಲದೆ ಹೋದಾಗ ಹೊಳೆಯ ದಂಡೆಯ ಕೆಲವು ಊರುಗಳಲ್ಲಿ ಡಂಗುರ ಹೊಯ್ಯಿಸಿ ಜನರಿಗೆ ತಿಳಿಸಿದರು. ಕೇಳಿದ ಕೆಲವರು ಹೊರಟರು. ಬಹಳ ಜನರು ಹೊರಡಲಿಲ್ಲ. ಇದು ಹಟದಿಂದ ಮಾತ್ರ ಆಯಿತೆಂದು ಹೇಳಲಾರೆವು. ದನಗಳನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು? ಬಾಣಂತಿಯನ್ನು ಆ ರಾಡಿಯಲ್ಲಿ ಹೇಗೆ ನಡಿಸಬೇಕು? ಹಗೇವಿನಲ್ಲಿ ವರುಷದ ಜೋಳವಿದೆ, ಅದನ್ನು ತೆಗೆದು ಎಲ್ಲಿ ಸುರಿಯಬೇಕು? ಬಡವನು ಮನೆಯನ್ನು ಬಿಡುವದೆಂದರೆ ಪಟ್ಟಣದವನು ಬೀಗ ಹಾಕಿ ಹೋದ ಹಾಗಲ್ಲ.

ನಮ್ಮ ಸೀಮೆಯಲ್ಲಿ ವರುಷವಿಡೀ ಬೀಳುವ ಮಳೆಯು ಸುಮಾರು 600 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲೊಂದು ನಾಲ್ಕೈದು ದಿನಗಳೊಳಗೆ ಬಿದ್ದುಬಿಟ್ಟಿತು. ಎರೆಮಣ್ಣು ಕುಡಿಯುವಷ್ಟು ಕುಡಿದು ಉಬ್ಬಿ ಬಾಯಿ ಮುಚ್ಚಿತು. ಮೇಲಿನ ನೀರು ನಿಂತಲ್ಲಿಯೇ ನಿಂತಿತು. ನರಗುಂದದ ಕೊಣ್ಣೂರು, ಲಖಮಾಪುರದ ಕಡೆಯಲ್ಲಿಯೂ, ರೋಣದ ಹೊಳೆಆಲೂರು, ಮೆಣಸಗಿಯ ಕಡೆಯಲ್ಲಿಯೂ ಮಲಪ್ರಭೆಯು ದಂಡೆಯನ್ನು ಮೀರಿತು. ಬೆಣ್ಣಿಹಳ್ಳದ ಗುಣವನ್ನು ನೀವು ಬಲ್ಲಿರಿ. ಬೇಸಿಗೆಯಲ್ಲಿ ಕುರಿಗಳು ದಾಟುವ ಹಳ್ಳ. ಮೇಲಣ ಹುಬ್ಬಳ್ಳಿ, ನವಲಗುಂದದ ಬಯಲಲ್ಲಿ ಮಳೆಯಾದರೆ ಇಲ್ಲಿ ಆಕಾಶವು ತಿಳಿಯಾಗಿದ್ದರೂ ಸಹ ಸಮುದ್ರದಂತೆ ಹರಡುತ್ತದೆ. ಆ ಸಾರಿ ಮೇಲೆಯೂ ಮಳೆ, ಕೆಳಗೆಯೂ ಮಳೆ. ಮಲಪ್ರಭೆಯು ತುಂಬಿದ್ದರಿಂದ ಹಳ್ಳದ ನೀರಿಗೆ ಹೊಳೆಯೊಳಗೆ ಸೇರಲು ಎಡೆಯಿಲ್ಲದೆ ಅದು ಹಿಂದಕ್ಕೆ ಒತ್ತಿಕೊಂಡು ಹೊಲಗಳ ಮೇಲೆ ಏರಿತು. ಗಜೇಂದ್ರಗಡವು ಆಗ ರೋಣ ತಾಲೂಕಿಗೆ ಸೇರಿತ್ತು. ಗುಡ್ಡದ ಮಗ್ಗುಲಿನ ಊರಾದ್ದರಿಂದ ಹೊಳೆಯ ಭಯ ಅದಕ್ಕೆ ಇರಲಿಲ್ಲ, ಆದರೆ ಮಣ್ಣಿನ ಮಾಳಿಗೆಗಳು ಅಲ್ಲಿಯೂ ಇದ್ದವು.

ನೆರೆಗಿಂತಲೂ ಈ ಮಾಳಿಗೆಗಳ ಸಂಗತಿಯನ್ನೇ ನಾವು ಹೆಚ್ಚಾಗಿ ಹೇಳಬೇಕಾಗಿದೆ. ತೊಲೆ ಜಂತಿಗಳ ಮೇಲೆ ಮೊಳದುದ್ದ ಮಣ್ಣು ಹಾಕಿ ಬಡಿದ ಮಾಳಿಗೆಯು ನಮ್ಮ ಬಿಸಿಲಿಗೆ ತಕ್ಕದ್ದು. ಒಂದು ದಿನದ ಮಳೆಗೂ ತಡೆಯುತ್ತದೆ. ಮೂರು ದಿನ ನೆನೆದರೆ ಆ ಮಣ್ಣು ಹೆಣಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡವು ಮೆತ್ತಗಾಗುತ್ತದೆ. ಹೀಗೆ ಹಗಲೆಲ್ಲಾ ನಿಂತ ಮನೆಯು ರಾತ್ರಿಯಲ್ಲಿ, ಮಲಗಿದವರ ಮೇಲೆ, ಬಿತ್ತು. ಆ ರಾತ್ರಿಗಳಲ್ಲಿ ನಾವು ಕೇಳಿದ ಶಬ್ದವು ಗುಡುಗಿನದಲ್ಲ; ದೂರದ ಓಣಿಯಲ್ಲಿ ಏನೋ ದಪ್ಪನೆ ಕೂತ ಹಾಗೆ ಒಂದು ಸದ್ದು, ಆಮೇಲೆ ಸ್ವಲ್ಪ ಮೌನ, ಆಮೇಲೆ ಕೂಗು. ಅಕ್ಟೋಬರ್ 2ರಂದು ಕರ್ನೂಲು ಪಟ್ಟಣವೂ ಮಂತ್ರಾಲಯವೂ ನೀರಲ್ಲಿ ಮುಳುಗಿದ್ದನ್ನು ಲೋಕವೆಲ್ಲಾ ನೋಡಿತು. ನಮ್ಮ ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಮೇಲ್ಪಟ್ಟರು. ಅವರಲ್ಲಿ ಬಹಳ ಮಂದಿ ಹೊಳೆಯ ಪಾಲಾದವರಲ್ಲ, ತಮ್ಮ ಗೋಡೆಗಳ ಕೆಳಗೆ ಸಿಕ್ಕವರು. ಬಿದ್ದ ಮತ್ತು ಬಿರಿದ ಮನೆಗಳು ಲಕ್ಷಗಟ್ಟಲೆ.

ಈಗ ನಮ್ಮ ತಪ್ಪೊಂದನ್ನು ಹೇಳಬೇಕು. ಅಕ್ಟೋಬರ್ 4 ಭಾನುವಾರ. ದೇವಾಲಯದೊಳಗೆ ನೀರು ಹೊಕ್ಕಿದ್ದರಿಂದ ಶಾಲೆಯ ಪಡಸಾಲೆಯಲ್ಲಿ ಸಭೆ ಕೂಡಿತು. ನಾವು ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯವನ್ನು ತೆರೆದು, ಬಂಡೆಯ ಮೇಲೆ ಕಟ್ಟಿದ ಮನೆಯನ್ನೂ ಉಸುಕಿನ ಮೇಲೆ ಕಟ್ಟಿದ ಮನೆಯನ್ನೂ ಕುರಿತು ಪ್ರಸಂಗ ಮಾಡಿದೆವು. ಮಳೆ, ನೆರೆ, ಗಾಳಿ ಮೂರೂ ಆ ವಾಕ್ಯದಲ್ಲಿ ಇದ್ದುದರಿಂದ ಇದಕ್ಕಿಂತ ತಕ್ಕ ವಾಕ್ಯವಿಲ್ಲವೆಂದು ನಮಗೆ ತೋರಿತು. ಕಡೆಯಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಆಕೆಯ ಮೊಮ್ಮಗನನ್ನು ಎರಡು ದಿನದ ಹಿಂದೆ ಮಣ್ಣು ಮಾಡಿದ್ದೆವು. “ಅಯ್ಯನವರೇ, ನಮ್ಮ ಮನೀ ತಳಪಾಯಾ ನಮ್ಮ ಮಾವ ಗುಡ್ಡದ ಕಲ್ಲು ಹೇರಿಸಿಕೊಂಡು ಬಂದು ಹಾಕಿದ್ದರಿ. ನಾವೇನು ಉಸುಕಿನ ಮ್ಯಾಲೆ ಕಟ್ಟಿದ್ದಿಲ್ಲ. ಹುಡುಗ ದಿನಾ ಮಲಗೋಮುಂದ ಪ್ರಾರ್ಥನಾ ಮಾಡತಿದ್ದ,” ಎಂದಳು. ಅಷ್ಟೇ ಹೇಳಿ ಹೊರಗೆ ಹೋದಳು. ಆಮೇಲೆ ಬಹಳ ತಿಂಗಳು ಆಕೆ ಸಭೆಗೆ ಬರಲಿಲ್ಲ.

ಯೋಬನ ಸ್ನೇಹಿತರು ಮೊದಲು ಏಳು ದಿನ ಅವನ ಬಳಿಯಲ್ಲಿ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲವನ್ನು ಕೆಡಿಸಿದರು. ನಮಗೆ ಏಳು ದಿನದ ತಾಳ್ಮೆಯೂ ಇರಲಿಲ್ಲ. ಯೋಬನ ಮಕ್ಕಳು ಸತ್ತದ್ದು ಹೇಗೆಂಬದನ್ನು ನೆನಪಿಗೆ ತಂದುಕೊಳ್ಳಿರಿ. ಮರುಭೂಮಿಯ ಕಡೆಯಿಂದ ದೊಡ್ಡ ಗಾಳಿ ಬಂದು ಮನೆಯ ನಾಲ್ಕು ಮೂಲೆಗಳಿಗೂ ಬಡಿದು, ಮನೆಯು ಅವರ ಮೇಲೆ ಬಿತ್ತು. ಅವರು ದುಷ್ಟರಾಗಿದ್ದರೆಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ. ಹೇಳಿದವರು ಆ ಸ್ನೇಹಿತರೇ, ಮತ್ತು ದೇವರು ಅವರ ಮೇಲೆ ಕೋಪಗೊಂಡನು. ನಮ್ಮ ನೆರೆಯವರಲ್ಲಿ ಯಾರಾದರೂ ಇದು ಅವರ ಹಿಂದಿನ ಜನ್ಮದ ಕರ್ಮವೆಂದು ಹೇಳಿದರೆ, ನಮಗೆ ಕರ್ತನು ಬೇರೆ ಬೋಧನೆ ಕೊಟ್ಟಿದ್ದಾನೆಂದು ನಾವು ಥಟ್ಟನೆ ಉತ್ತರ ಕೊಡುತ್ತೇವೆ. ಆದರೆ ಕರ್ಮವೆಂಬ ಹೆಸರನ್ನು ತೆಗೆದು ನ್ಯಾಯತೀರ್ಪು ಎಂಬ ಹೆಸರನ್ನಿಟ್ಟು ಅದೇ ಮಾತನ್ನು ನಾವು ಹೇಳಿದರೆ ಆ ಬೋಧನೆಯಿಂದ ಬಂದ ಲಾಭವೇನು?

ಬುರುಜು ಬಿದ್ದ ಸುದ್ದಿಯನ್ನು ಯೇಸು ಸ್ವಾಮಿಯು ಎತ್ತಿದ್ದು ಇದಕ್ಕೋಸ್ಕರವೇ. ಸಿಲೋವದ ಬುರುಜಿನ ಕೆಳಗೆ ಸತ್ತ ಆ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಪಾಪಿಷ್ಠರೋ ಎಂದು ಆತನೇ ಕೇಳಿ, ಅಲ್ಲವೆಂದು ಆತನೇ ಹೇಳಿದನು. ಸತ್ತವರ ಲೆಕ್ಕವನ್ನು ಅಲ್ಲಿಗೆ ಮುಗಿಸಿ, ಬದುಕಿದವರ ಕಡೆಗೆ ಮುಖವನ್ನು ತಿರುಗಿಸಿ, ನೀವು ಮನಸ್ಸನ್ನು ತಿರುಗಿಸಿಕೊಳ್ಳಿರಿ ಎಂದನು. ಆಮೇಲೆ ತೋಟದ ಸಾಮ್ಯ. ಮೂರು ವರುಷ ಹಣ್ಣು ಕಾಣದ ಯಜಮಾನನು ಮರವನ್ನು ಕಡಿಯ ಹೇಳಿದಾಗ ತೋಟಗಾರನು ಅಡ್ಡ ಬಂದು, ಇದೊಂದು ವರುಷ ಬಿಡಬೇಕೆಂದೂ, ತಾನು ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದೂ ಬೇಡಿಕೊಂಡನು. ನಿಂತ ಮರವು ಬಿದ್ದ ಮರಕ್ಕಿಂತ ಒಳ್ಳೇದೆಂದು ಅವನು ಹೇಳಲಿಲ್ಲ. ಅದು ನಿಂತದ್ದು ಬೇಡಿಕೊಂಡವನ ದಯೆಯಿಂದ, ಅದೂ ಒಂದು ವರುಷದ ಮಟ್ಟಿಗೆ.

ಈ ಸಾಮ್ಯವು ನಮ್ಮ ಕಣ್ಣಿಗೆ ಬಿದ್ದದ್ದು 2010ನೆಯ ಅಕ್ಟೋಬರ್ 3ನೆಯ ಭಾನುವಾರಕ್ಕಾಗಿ ನಾವು ಸಿದ್ಧಮಾಡಿಕೊಳ್ಳುತ್ತಿದ್ದಾಗ. ನೆರೆಯು ಬಂದು ವರುಷ ತುಂಬಿತ್ತು. ರಕ್ಷಿಸಲ್ಪಟ್ಟದ್ದಕ್ಕಾಗಿ ಸ್ತೋತ್ರದಾರಾಧನೆ ಮಾಡಬೇಕೆಂದು ಹಿರಿಯರು ಗೊತ್ತುಮಾಡಿದ್ದರು. ರಕ್ಷಿಸಲ್ಪಡದವರ ಮನೆಯವರು ಯಾವ ಸ್ತೋತ್ರವನ್ನು ಹಾಡಬೇಕು ಎಂದು ನಾವು ಕೇಳಲು ಯಾರಿಗೂ ಉತ್ತರ ತೋಚಲಿಲ್ಲ. ಆದಕಾರಣ ಸ್ತೋತ್ರವನ್ನು ತಡೆದು, ಕಳೆದ ವರುಷ ನಮ್ಮ ಬೇರಿನ ಸುತ್ತಲೂ ಅಗೆತವೇನಾದರೂ ನಡೆದಿದೆಯೋ ಎಂದು ಮೊದಲು ನೋಡಿಕೊಳ್ಳೋಣವೆಂದು ನಿಶ್ಚಯಿಸಿದೆವು. ಶನಿವಾರ ರಾತ್ರಿ ಹಿರಿಯರ ಕೂಟದಲ್ಲಿ ಹೊರಬಂದ ಸಂಗತಿಗಳನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತೇವೆ.

ಶಾಲೆಯಲ್ಲಿ ಆಸರೆ ಪಡೆದಿದ್ದ ದಿನಗಳಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡರು. ನೀರು ಕಾಣದ ಊರುಗಳಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟುಗಂಟಾಗಿ ಬಂದವು. ಯಾರು ಬಡಿದ ರೊಟ್ಟಿ ಎಂದು ಕೇಳುವ ಹೊಟ್ಟೆ ಯಾರಿಗೂ ಇರಲಿಲ್ಲ. ಮಠದ ದಾಸೋಹದಿಂದಲೂ ಬಂತು, ಮಸೀದಿಯ ಅಂಗಳದಿಂದಲೂ ಬಂತು. ಸಮಾರ್ಯದವನ ಸಾಮ್ಯದಲ್ಲಿ ನಾವು ಯಾವಾಗಲೂ ಸಮಾರ್ಯದವನ ವೇಷವನ್ನು ಹಾಕಿಕೊಳ್ಳುತ್ತೇವೆ. ಆ ವಾರ ನಾವು ದಾರಿಯಲ್ಲಿ ಬಿದ್ದವರಾಗಿದ್ದೆವು. ತಿಂಗಳು ಕಳೆದ ಮೇಲೆ ಆ ಪಂಕ್ತಿ ಮುರಿಯಿತು. ನಮ್ಮ ನೆರೆಯವರಲ್ಲಿ ಮುರಿದದ್ದಕ್ಕೆ ನಾವು ಮಾತಾಡುವ ಹಾಗಿಲ್ಲ, ಯಾಕಂದರೆ ನಮ್ಮ ಸಭೆಯಲ್ಲಿಯೇ, ಬೇರೆ ಬೇರೆ ಕುಲಗಳಿಂದ ಬಂದವರು ಕ್ರಿಸ್ಮಸ್ ಊಟದ ಹೊತ್ತಿಗೆ ಪುನಃ ತಮ್ಮ ತಮ್ಮ ಗೋಡೆಯ ಮಗ್ಗುಲಿಗೆ ಕೂತರು.

ಇನ್ನೊಂದು ಸಂಗತಿ ಬರೆಯುವದಕ್ಕೆ ನಾಚಿಕೆಯಾಗುತ್ತದೆ. ಪರಿಹಾರದ ಯಾದಿಯನ್ನು ಬರೆಯುವಾಗ ದನದ ಕೊಟ್ಟಿಗೆ ಬಿದ್ದವನು ಮನೆ ಬಿತ್ತೆಂದು ಬರೆಸಿದನು. ಅಣ್ಣತಮ್ಮಂದಿರು ಒಂದೇ ಮನೆಗೆ ಎರಡು ಹೆಸರು ಕೊಟ್ಟರು. ನಿಜವಾಗಿ ಮನೆ ಕಳಕೊಂಡ ವಿಧವೆಯೊಬ್ಬಳಿಗೆ ಬರೆಸುವವರಿಲ್ಲದೆ ಅವಳ ಹೆಸರು ಬಹು ದಿನ ಯಾದಿಯ ಹೊರಗೆ ಉಳಿಯಿತು. ಹೀಗೆ ಮಾಡಿದವರಲ್ಲಿ ನಮ್ಮ ಸಭೆಯವರೂ ಇದ್ದರು. ಆ ರಾತ್ರಿ ಒಬ್ಬ ಹಿರಿಯನು, ಯಾರೂ ಕೇಳದೆ ಇದ್ದಾಗಲೇ, ತನ್ನ ಬಾಯಿಂದ ಒಪ್ಪಿಕೊಂಡನು. ಮತ್ತೊಬ್ಬನು ಎದ್ದು ಹೋದನು. ಅಗೆಯುವ ಗುದ್ದಲಿಯು ಬೇರಿಗೆ ತಗಲಿದರೆ ಹಾಗೆಯೇ.

ಗೊಬ್ಬರ ಹಾಕಿದವರೂ ಇದ್ದರೆಂಬದನ್ನು ಹೇಳದೆ ಬಿಟ್ಟರೆ ನಾವು ಸುಳ್ಳು ಹೇಳಿದಂತಾದೀತು. ಹಗೇವುಗಳಲ್ಲಿ ನೀರು ಇಳಿದು ಜೋಳವು ಕೊಳೆತು ಹುಳಿವಾಸನೆ ಓಣಿಯೆಲ್ಲಾ ಹರಡಿತ್ತು. ಉಣ್ಣುವ ಕಾಳೂ ಬಿತ್ತುವ ಕಾಳೂ ಒಂದೇ ಸಾರಿ ಹೋದವು. ಹೊಲ ಒಣಗಿ ಕೂರಿಗೆ ಹಿಡಿಯುವ ಹದಕ್ಕೆ ಬಂದಾಗ ಬೀಜವಿಲ್ಲದೆ ಕೂತವರು ಬಹಳ. ಆಗ ಗಜೇಂದ್ರಗಡದ ಕಡೆಯ ಕೆಂಪು ಮಣ್ಣಿನ ಊರಿನ ಸಭೆಯವರು, ತಾವೂ ಬಡವರೇ, ತಲೆಗೆ ಸೇರು ಎರಡು ಸೇರು ಕೂಡಿಸಿ ಬಿತ್ತನೆಯ ಜೋಳವನ್ನೂ ಕಡಲೆಯನ್ನೂ ಕಳುಹಿಸಿದರು. ನೆರೆಯು ಹೊಲದ ಮೇಲೆ ಬಿಟ್ಟು ಹೋದ ಉಸುಕನ್ನು ಬಳಿದು ತೆಗೆಯುವದಕ್ಕೆ ನಾಲ್ಕು ಜೋಡಿ ಎತ್ತುಗಳನ್ನು ಹೊಡಕೊಂಡು ಬಂದರು. ಅವರು ಕ್ರೈಸ್ತರ ಹೊಲ ಯಾವದು ಎಂದು ಕೇಳಲಿಲ್ಲ. ದಾರಿಯ ಮಗ್ಗುಲಲ್ಲಿ ಮೊದಲು ಸಿಕ್ಕ ಹೊಲದಿಂದ ಸುರುಮಾಡಿದರು.

ಮಾರನೆಯ ದಿನ ಆ ಮುದುಕಿಯು ಬಂದಳು. ಹಿಂದಿನ ಸಂಜೆ ನಾವು ಆಕೆಯ ತಗಡಿನ ಗುಡಿಸಲಿಗೆ ಹೋಗಿ, ನಾವು ಮಾಡಿದ ಪ್ರಸಂಗವು ತಪ್ಪಾಗಿತ್ತೆಂದು ಹೇಳಿ ಕ್ಷಮೆ ಬೇಡಿಕೊಂಡಿದ್ದೆವು. ಬಂಡೆಯ ಮೇಲಣ ಮನೆಯ ಸಾಮ್ಯವು ಕೇಳಿದ ವಾಕ್ಯದಂತೆ ನಡೆಯುವವನನ್ನು ಕುರಿತದ್ದು, ಗೋಡೆಗಳನ್ನು ಕುರಿತದ್ದಲ್ಲ. ಅದನ್ನು ಬಿದ್ದ ಗೋಡೆಯ ಮುಂದೆ ಓದಿದ್ದು ನಮ್ಮ ಅವಿವೇಕ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಆತು ಬಿಡ್ರಿ. ನಾಳೆ ಹುಡುಗನ ಹೆಸರು ಹೇಳ್ರಿ,” ಎಂದಳು. ಸತ್ತವರಿಗಾಗಿ ಪ್ರಾರ್ಥಿಸುವ ವಾಡಿಕೆ ನಮ್ಮಲ್ಲಿ ಇಲ್ಲವೆಂಬದು ನಿಮಗೆ ಗೊತ್ತಿದೆ. ಆದರೂ ಹೆಸರನ್ನು ಹೇಳುವದಕ್ಕೆ ಅಡ್ಡಿಯೇನು? ಊರಲ್ಲಿ ಆ ವಾರ ಸತ್ತವರೆಲ್ಲರ ಹೆಸರುಗಳನ್ನು, ನಮ್ಮವರದನ್ನೂ ನೆರೆಯವರದನ್ನೂ ಬೇರೆ ಮಾಡದೆ, ಗಟ್ಟಿಯಾಗಿ ಓದಿದೆವು. ಹುಡುಗನ ಹೆಸರು ಬಂದಾಗ ಆಕೆ ಸೆರಗನ್ನು ತಲೆಯ ಮೇಲೆ ಎಳಕೊಂಡಳು. ಸ್ತೋತ್ರವನ್ನು ಆಮೇಲೆ ಹಾಡಿದೆವು. ಹಾಡಲಾರದವರು ಸುಮ್ಮನೆ ನಿಂತರು.

ಅಂದಿನಿಂದ ಬಹಳ ವರುಷಗಳು ಕಳೆದವು. ಸರಕಾರದವರು ಎತ್ತರದ ಜಾಗಗಳಲ್ಲಿ ಆಸರೆ ಮನೆಗಳನ್ನು ಕಟ್ಟಿಸಿದರು. ಕೆಲವರು ಅಲ್ಲಿಗೆ ಹೋದರು. ಎತ್ತು ಕಟ್ಟಲು ಜಾಗವಿಲ್ಲವೆಂದೂ ಹೊಲ ದೂರವೆಂದೂ ಕೆಲವರು ಹಳೆಯ ಊರಲ್ಲಿಯೇ ನಿಂತರು. 2019ನೆಯ ಆಗಸ್ಟ್ ತಿಂಗಳಲ್ಲಿ ಘಟ್ಟದ ಮೇಲೆ ವಿಪರೀತ ಮಳೆಯಾಗಿ, ನವಿಲುತೀರ್ಥದ ಜಲಾಶಯವು ತುಂಬಿ ನೀರು ಬಿಡಬೇಕಾಗಿ ಬಂದಾಗ, ಮಲಪ್ರಭೆಯು ಕೊಣ್ಣೂರಿನ ಕಡೆಯಲ್ಲಿಯೂ ಹೊಳೆಆಲೂರಿನ ಕಡೆಯಲ್ಲಿಯೂ ಪುನಃ ಏರಿತು. ಆ ಸಾರಿ ಡಂಗುರದ ಸಂಗಡ ಮೊಬೈಲಿನ ಸುದ್ದಿಯೂ ಇತ್ತು. ನಮ್ಮ ಸಭೆಯ ಹುಡುಗರು ಮೊದಲು ಮಾಡಿದ್ದು ಓಣಿಯ ಮುದುಕರ ದನಗಳನ್ನು ಬಿಚ್ಚಿಕೊಂಡು ದಿನ್ನೆಗೆ ಹೊಡೆದದ್ದು. ದನ ಹೋದ ಮೇಲೆ ಮುದುಕರು ತಾವಾಗಿಯೇ ಎದ್ದು ನಡೆದರು. ಇದನ್ನು ಯಾರು ಅವರಿಗೆ ಕಲಿಸಿದರೋ ಕಾಣೆವು; ನಾವಂತೂ ಕಲಿಸಲಿಲ್ಲ.

ತೋಟಗಾರನು ಬೇಡಿಕೊಂಡ ವರುಷವು ಮುಗಿದ ಮೇಲೆ ಆ ಮರಕ್ಕೆ ಏನಾಯಿತೆಂಬದನ್ನು ಕರ್ತನು ಹೇಳದೆಯೇ ಸಾಮ್ಯವನ್ನು ನಿಲ್ಲಿಸಿದನು. ನಾವೂ ಊಹಿಸುವದಿಲ್ಲ.

ಅಕ್ಟೋಬರ್ ತಿಂಗಳ ಮೊದಲನೆಯ ಭಾನುವಾರದಲ್ಲಿ ಎಂದಿನಂತೆ ಲೂಕನ 13ನೆಯ ಅಧ್ಯಾಯವನ್ನು ಓದಿ, ಹೆಸರುಗಳನ್ನು ಓದುವೆವು. ಆ ದಿನದ ಕಾಣಿಕೆಯು ಹಣವಲ್ಲ, ಬಿತ್ತನೆಯ ಜೋಳ. ದೇವಾಲಯದ ಬಾಗಲ ಬಲಗಡೆಯ ಗೋಡೆಗೆ, ನೆರೆಯ ಗುರುತಿನ ಕೆಳಗೆ, ಪೆಟ್ಟಿಗೆಯನ್ನು ಇಟ್ಟಿರುತ್ತೇವೆ. ಆ ಗುರುತಿಗೆ ಸುಣ್ಣ ಬಳಿಯಬಾರದೆಂದು ಹಿರಿಯರು ಗೊತ್ತುಮಾಡಿದ್ದಾರೆ. ಕೊಡತಕ್ಕವರು ಹುಳ ಬಿದ್ದದ್ದನ್ನು ತರದೆ, ತಮ್ಮ ಹೊಲಕ್ಕೆ ಆರಿಸಿಟ್ಟುಕೊಂಡ ಕಾಳಿನಿಂದಲೇ ಸೇರು ತುಂಬಿಸಿ ತರಲಿ. ಬೇಕಾದವರು ಆರಾಧನೆಯಾದ ಮೇಲೆ, ಯಾರನ್ನೂ ಕೇಳದೆ, ಅದರಿಂದ ತೆಗೆದುಕೊಂಡು ಹೋಗಲಿ.